ಕೂಲಿಕಾರನ ಕೂಸಿಗೆ ಎರಡು ದಿನದ ರಜೆ ಬೇಡವೇ?

ಶಾಲೆಗೆ ಬೇಸಗೆಯ ರಜೆ ಬಿದ್ದಿತೆಂದರೆ ಚಿಂಚಲಿಯಂಥ ಊರಿನಲ್ಲಿಯೂ ಈಗ ಒಂದೇ ಹಟ. ನಾಲ್ಕು ವರ್ಷದ ಕೂಸು ಸಹ ಬಿಡದಿಯ ವಂಡರ್‌ಲಾದ ಹೆಸರು ಹೇಳುತ್ತದೆ. ನೀರಿನಲ್ಲಿ ಜಾರುವ ಮಕ್ಕಳ ಚಿತ್ರವನ್ನು ಅದು ಅಪ್ಪನ ಮೊಬೈಲಿನಲ್ಲಿ ನೋಡಿದೆ. ಅಪ್ಪ ಸುಮ್ಮನಾಗುತ್ತಾನೆ. ಮುಂದಿನ ವರ್ಷ ಹೋಗೋಣ ಎಂದು ಅವ್ವ ಸಮಾಧಾನ ಹೇಳುತ್ತಾಳೆ. ಆ ಮುಂದಿನ ವರ್ಷ ಯಾಕೆ ಬರುವುದಿಲ್ಲ ಎಂಬ ಲೆಕ್ಕವನ್ನು ಈ ವಾರ ಬಿಡಿಸಿ ನೋಡೋಣ.

ಇದೂ ಒಂದು ಪಕ್ಷದ ಪತ್ರಿಕೆ ಬರೆಯುವ ವಿಷಯವೇ ಎಂದು ಮೂಗು ಮುರಿಯುವವರು ಇದ್ದಾರೆ. ಕೈಯಲ್ಲಿ ನಾಲ್ಕು ಕಾಸು ಸೇರಿದ ಕೂಡಲೆ ಕೂಲಿಕಾರನಿಗೆ ಮೋಜು ಬೇಕಾಗುತ್ತದೆ ಎನ್ನುವವರು ಮಾಲಕರ ಕಡೆಯವರು. ಬಂಡವಾಳಗಾರನ ಜೋಕಾಲಿ ಏರುವುದು ಕಾಮಗಾರನಿಗೆ ಶೋಭಿಸದು ಎನ್ನುವವರು ನಮ್ಮ ಸಂಗಾತಿಗಳೇ. ಇಬ್ಬರನ್ನೂ ನಾವು ಒಪ್ಪುವುದಿಲ್ಲ. ಮಗುವಿನ ನಗೆಗೆ ವರ್ಗಭೇದವಿಲ್ಲ. ಅದರ ಟಿಕೀಟಿಗೆ ಇದೆ. ನಮ್ಮ ಜಗಳ ಟಿಕೀಟಿನ ಜೊತೆಗೆ.

ಲೆಕ್ಕ ಹೀಗಿದೆ. ಗಂಡ, ಹೆಂಡತಿ, ಒಂದು ಕೂಸು. ಮಿರಜ ಕಡೆಯಿಂದ ಬೆಂಗಳೂರಿಗೆ ಹೋಗುವ ರಾಣಿ ಚೆನ್ನಮ್ಮ ಗಾಡಿಯಲ್ಲಿ ಒಂದು ರಾತ್ರಿಯ ಪ್ರಯಾಣ. ಐದು ವರ್ಷದೊಳಗಿನ ಕೂಸಿಗೆ ಬೇರೆ ಹಾಸಿಗೆ ಕೇಳದಿದ್ದರೆ ರೈಲಿನಲ್ಲಿ ಟಿಕೀಟಿಲ್ಲ, ಇದೊಂದೇ ಉಳಿತಾಯ. 2005ರಲ್ಲಿ ತೆರೆದ ವಂಡರ್‌ಲಾದ ಬಾಗಿಲಲ್ಲಿ ಮಗುವಿನ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. ನಾಲ್ಕು ವರ್ಷದ ಕೂಸು ಟಿಕೀಟಿನ ಅಳತೆಗೆ ಬಂದೇ ಬರುತ್ತದೆ. ದೊಡ್ಡವರಿಗೆ ತಲೆಗೆ ಸಾವಿರ ರೂಪಾಯಿಗೂ ಮೇಲೆ. ಎತ್ತರ ಸಾಲದ ಮಗುವನ್ನು ದೊಡ್ಡ ಯಂತ್ರಗಳಿಗೆ ಹತ್ತಿಸುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಕೂಸಿನ ಬಳಿ ಒಬ್ಬರು ಕೂಡಲೇಬೇಕು. ಕೂತವರ ಟಿಕೀಟಿನ ಹಣ ಕೂತಲ್ಲಿಯೇ ಕರಗುತ್ತದೆ.

ಗಂಡ ಹೆಂಡತಿ ಇಬ್ಬರ ಬಾಗಿಲ ಹಣವೇ ಎರಡು ಸಾವಿರ ಮೀರಿತು. ಕೇಂದ್ರ ಸರಕಾರ 2019ರಲ್ಲಿ ದೇಶಕ್ಕೆಲ್ಲ ಗೊತ್ತುಮಾಡಿದ ತಳಮಟ್ಟದ ಕೂಲಿ ದಿನಕ್ಕೆ 178 ರೂಪಾಯಿ. ಆ ದರದಲ್ಲಿ ದುಡಿಯುವವನಿಗೆ ಇದು ಹನ್ನೊಂದು ದಿನಕ್ಕೂ ಹೆಚ್ಚಿನ ಬೆವರು. ಊಟ, ವಸತಿ, ಗಾಡಿ ಖರ್ಚು ಇನ್ನೂ ಬಾಕಿ. ಇದರ ಮೇಲೆ ಸರಕಾರದ ಪಾಲು ಬೇರೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಮಕ್ಕಳ ಗಿರಗಿಟ್ಲೆಗೂ ಕ್ಯಾಸಿನೋ ಜೂಜಿಗೂ ಒಂದೇ ದರ, ನೂರಕ್ಕೆ 28. ಗದ್ದಲವಾದ ಮೇಲೆ 2018ರ ಜನವರಿಯಲ್ಲಿ ಆಟದ ಉದ್ಯಾನಗಳಿಗೆ ಅದನ್ನು 18ಕ್ಕೆ ಇಳಿಸಿದರು. ಕೂಸಿನ ಆಟವೂ ಜೂಜೂ ಒಂದೇ ಎಂದು ಅಂದು ಕಂಡ ಕಣ್ಣು ಯಾವ ವರ್ಗದ್ದು?

ಹಣದಷ್ಟೇ ದೊಡ್ಡ ಪ್ರಶ್ನೆ ಬಿಡುವಿನದು. ನಮ್ಮ ಸೀಮೆಯ ಸಕ್ಕರೆ ಕಾರಖಾನೆಗಳಲ್ಲಿ ಹಂಗಾಮು ನಡೆದಾಗ ಪಗಾರವಿದೆ, ಬಿಡುವಿಲ್ಲ. ಹಂಗಾಮು ತೀರಿದಾಗ ಬಿಡುವಿದೆ, ಪಗಾರವಿಲ್ಲ. 1948ರ ಕಾರಖಾನೆ ಕಾಯಿದೆಯಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ, 20 ದಿನಕ್ಕೆ ಒಂದರಂತೆ ಪಗಾರ ಸಹಿತ ರಜೆ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ 240ನ್ನು 180ಕ್ಕೆ ಇಳಿಸಿತು. ಇದನ್ನು ದೊಡ್ಡ ಉಪಕಾರವೆಂದು ಸಾರುತ್ತಾರೆ. ನಾಲ್ಕೈದು ತಿಂಗಳ ಹಂಗಾಮಿನಲ್ಲಿ ಕಬ್ಬು ಅರೆಯುವ ಕಾಮಗಾರ 180 ದಿನವನ್ನು ಎಲ್ಲಿಂದ ತರಬೇಕು? ಸಣ್ಣ ಅಂಗಡಿಕಾರರ ಪಾಡು ಇನ್ನೂ ಕಡೆ. 1961ರ ಅಂಗಡಿ ಕಾಯಿದೆ ಆಳಿಗೆ ವಾರಕ್ಕೊಂದು ರಜೆ ಕೊಟ್ಟಿತು. ತಾನೇ ಮಾಲಕ, ತಾನೇ ಆಳು ಆದವನಿಗೆ ರಜೆ ಕೊಡುವವರು ಯಾರು? ಎರಡು ದಿನ ಬಾಗಿಲು ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದ.

ಮಾಯಕ್ಕನ ಜಾತ್ರೆ ಇದೆಯಲ್ಲ, ಅದು ಸಾಲದೇ ಎನ್ನುತ್ತಾರೆ. ಜಾತ್ರೆ ನಮ್ಮದು, ಅಲ್ಲಿಯ ಭಂಡಾರ ನಮ್ಮ ಹಣೆಯದು. ಆದರೆ ಅದು ಬರುವುದು ಮಾಘಮಾಸದಲ್ಲಿ, ಕಾರಖಾನೆ ಹಗಲಿರುಳು ಅರೆಯುವ ಕಾಲಕ್ಕೆ. ತೊಟ್ಟಿಲು, ಗಿರಗಿಟ್ಲೆಗಳು ಜಾತ್ರೆಯ ಜೊತೆಗೇ ಬಂದು ಜಾತ್ರೆಯ ಜೊತೆಗೇ ಹೋಗುತ್ತವೆ. ವರ್ಷದ ಉಳಿದ ದಿನಗಳಲ್ಲಿ ಕೂಸು ಎಲ್ಲಿ ಆಡಬೇಕು?

ಇದು ಕನಸಿನ ಮಾತಲ್ಲ. 1936ರಲ್ಲಿ ಫ್ರಾನ್ಸಿನ ಕಾಮಗಾರರು ಕಾರಖಾನೆಗಳನ್ನೇ ಹಿಡಿದು ಕೂತು ಮುಷ್ಕರ ಹೂಡಿದರು. ಸಮಾಜವಾದಿ ಲಿಯೋ ಬ್ಲುಮ್ ಅವರ ಸರಕಾರ ಆ ಜೂನಿನಲ್ಲಿಯೇ ಎರಡು ವಾರದ ಪಗಾರಿ ರಜೆಯನ್ನು ಕಾಯಿದೆ ಮಾಡಿತು. ರಜೆ ಇದ್ದು ರೈಲಿನ ಹಣವಿಲ್ಲದಿದ್ದರೆ ಏನು ಪ್ರಯೋಜನವೆಂದು ಲಿಯೋ ಲಗ್ರಾಂಜ್ ಎಂಬ ಮಂತ್ರಿ ನೂರಕ್ಕೆ 40ರ ರಿಯಾಯಿತಿಯ ಟಿಕೀಟು ತಂದರು. ವಿರೋಧಿಗಳು ಅವರನ್ನು ಸೋಮಾರಿತನದ ಮಂತ್ರಿ ಎಂದು ಹಂಗಿಸಿದರು. ಆ ಬೇಸಗೆಯಲ್ಲಿ ಲಕ್ಷಗಟ್ಟಲೆ ಜನ ಹೆಂಡಿರು ಮಕ್ಕಳೊಡನೆ ಗಾಡಿ ಹತ್ತಿದರು. ಎಷ್ಟೋ ಜನ ಸಮುದ್ರವನ್ನು ಕಂಡದ್ದೇ ಅಂದು. ನಮ್ಮಲ್ಲಿಯೂ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಬಿಟ್ಟಿಯಾದಾಗ ಬಸ್ಸುಗಳು ತುಂಬಿ ಹೋದವು. ಹೋಗುವ ಆಸೆ ಮೊದಲೇ ಇತ್ತು, ತಡೆದದ್ದು ದರ.

ಹಣ ಎಲ್ಲಿದೆ ಎಂದು ಕೇಳುವವರು 1965ರ ಕಾರ್ಮಿಕ ಕಲ್ಯಾಣ ನಿಧಿಯ ಕಾಯಿದೆ ತೆರೆದು ನೋಡಲಿ. ಆ ನಿಧಿಗೆ ಸೇರಿದ ಕಾಮಗಾರನ ಪಗಾರದಿಂದ ವರ್ಷಕ್ಕೆ 20 ರೂಪಾಯಿ ಹಿಡಿಯುತ್ತಿದ್ದರು. 2025ರಿಂದ 50 ಆಯಿತು. ಮಾಲಕರ ಪಾಲು 100, ಸರಕಾರದ್ದು 50. ನಿಧಿಯನ್ನು ಬಳಸಬಹುದಾದ ಕೆಲಸಗಳಲ್ಲಿ ಪ್ರವಾಸವೂ ಇದೆ, ವಿಶ್ರಾಂತಿಧಾಮವೂ ಇದೆ. ಅದು ದಾನದ ಹಣವಲ್ಲ, ನಮ್ಮ ಪಗಾರದಿಂದ ಕಡಿದ ಹಣ. ನಮ್ಮ ಊರಿನ ಎಷ್ಟು ಕೂಸುಗಳು ಆ ಹಣದಿಂದ ಒಂದು ದಿನದ ಪ್ರವಾಸ ಕಂಡಿವೆ?

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಹಂಗಾಮಿ ಕಾಮಗಾರನಿಗೆ 180ರ ಗಡಿ ಬೇಡ. ದುಡಿದ ಪ್ರತಿ 20 ದಿನಕ್ಕೂ ಒಂದು ದಿನದ ಪಗಾರಿ ರಜೆ ಲೆಕ್ಕಕ್ಕೆ ಬರಲಿ. ಕಲ್ಯಾಣ ನಿಧಿಯಿಂದ ಪ್ರತಿ ಬೇಸಗೆ ಕಾಮಗಾರರ ಕುಟುಂಬಗಳಿಗೆ ಪ್ರವಾಸ ಏರ್ಪಡಲಿ, ಸಣ್ಣ ಅಂಗಡಿಕಾರರಿಗೂ ಅಂಥದೇ ನಿಧಿ ಆಗಲಿ. ಮಕ್ಕಳ ಆಟದ ಟಿಕೀಟಿನ ಮೇಲಿನ ತೆರಿಗೆ ಹೋಗಲಿ. ಊರಿನಲ್ಲಿ ವರ್ಷವಿಡೀ ತೆರೆದಿರುವ, ಹಣ ಕೇಳದ ಮಕ್ಕಳ ಆಟದ ಬಯಲನ್ನು ಪಂಚಾಯತಿ ಕಟ್ಟಲಿ.

ಅಲ್ಲಿಯವರೆಗೆ ತಂದೆತಾಯಿಗಳಿಗೆ ಒಂದು ಮಾತು. ಕಂತಿನ ಸಾಲ ತೆಗೆದು ಹೋಗಬೇಡಿರಿ. ಒಂದು ದಿನದ ಆಟಕ್ಕೆ ವರ್ಷದ ಬಡ್ಡಿ ಕಟ್ಟಿಸುವವರು ಬಾಗಿಲಲ್ಲೇ ಕಾದಿದ್ದಾರೆ. ಹತ್ತು ಮನೆಯವರು ಕೂಡಿರಿ, ತಿಂಗಳಿಗೆ ಇಷ್ಟೆಂದು ಒಟ್ಟಿಗೆ ಕೂಡಿಡಿರಿ, ಗುಂಪಿನ ರಿಯಾಯಿತಿ ಕೇಳಿ ಪಡೆಯಿರಿ. ಅಂಗಡಿಕಾರರು ತಮ್ಮತಮ್ಮಲ್ಲಿ ಮಾತಾಡಿಕೊಂಡು ಎಲ್ಲರೂ ಒಂದೇ ದಿನ ಬಾಗಿಲು ಮುಚ್ಚಿದರೆ ಗಿರಾಕಿ ಯಾರಿಂದಲೂ ತಪ್ಪುವುದಿಲ್ಲ. ಹಾಗೆ ಕೂಡಿದ ಹತ್ತು ಮನೆಯವರೇ ನಾಳೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ನಿಧಿಯ ಲೆಕ್ಕ ಕೇಳಲಿ. ಒಬ್ಬನೇ ಕೇಳಿದರೆ ಅರ್ಜಿ. ಹತ್ತು ಮನೆಯವರು ಕೇಳಿದರೆ ಹಕ್ಕು.