ಮೂರು ಗುಂಪಿನ ಸರಾಸರಿ ಬೇರೆ ಬೇರೆ ಬಂದರೆ ಮದ್ದು ಕೆಲಸ ಮಾಡಿತು ಎಂದರ್ಥವೇ?

‘ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅಕ್ಕಿ, ಇನ್ನೊಂದಕ್ಕೆ ಗೋಧಿ, ಮತ್ತೊಂದಕ್ಕೆ ರಾಗಿ ಕೊಟ್ಟರು. ರಾಗಿ ತಿಂದವರ ಶುಗರ್ ಎಲ್ಲರಿಗಿಂತ ಕಡಿಮೆ ಬಂತು. ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ. ಹತ್ತು ಜನರಿಗೆ ಕಳಿಸಿ.’

ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ರಾಗಿಯ ಜಾಗದಲ್ಲಿ ಮೆಂತ್ಯ ಇರಬಹುದು, ನುಗ್ಗೆಸೊಪ್ಪು ಇರಬಹುದು, ಅಮೃತಬಳ್ಳಿ ಕಷಾಯ ಇರಬಹುದು. ಇಂಥ ಸಂದೇಶ ಕಂಡ ಕೂಡಲೇ ನಾವು ಕೇಳುವ ಪ್ರಶ್ನೆ, ‘ಈ ಅಂಕಿ ನಿಜವೇ?’ ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಅದೊಂದೇ ಸಾಲದು. ಏಕೆಂದರೆ ಅಂಕಿ ನಿಜವಿದ್ದೂ ಅದರಿಂದ ತೆಗೆದ ತೀರ್ಮಾನ ತಪ್ಪಾಗಬಹುದು. ಆ ತೀರ್ಮಾನ ನಂಬಿ ಮನೆಯ ಹಿರಿಯರೊಬ್ಬರು ಶುಗರ್ ಮಾತ್ರೆ ನಿಲ್ಲಿಸಿದರೆ, ಕಷ್ಟಪಡುವವರು ಫಾರ್ವರ್ಡ್ ಮಾಡಿದವರಲ್ಲ.

ಹಲವು ಗುಂಪುಗಳ ಸರಾಸರಿಯನ್ನು ಹೋಲಿಸಿ, ‘ಈ ವ್ಯತ್ಯಾಸ ಬರೀ ಕಾಕತಾಳೀಯವಾಗಿ ಬಂದಿರಬಹುದೇ?’ ಎಂದು ಕೇಳುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ವಿಧಾನವಿದೆ. ಅದರ ಹೆಸರು ‘ಅನಾಲಿಸಿಸ್ ಆಫ್ ವೇರಿಯನ್ಸ್’, ಚಿಕ್ಕದಾಗಿ ‘ಅನೋವಾ’. ಸರಳ ಕನ್ನಡದಲ್ಲಿ ‘ಏರುಪೇರಿನ ವಿಶ್ಲೇಷಣೆ’ ಎನ್ನಬಹುದು. ಅದರ ಹಿಂದಿನ ತರ್ಕ ತಿಳಿಯಲು ಕೂಡುವ, ಕಳೆಯುವ, ಭಾಗಿಸುವ ಲೆಕ್ಕ ಗೊತ್ತಿದ್ದರೆ ಸಾಕು.

ಚಾಕೊಲೇಟ್ ತಿಂದು ತೂಕ ಇಳಿಸಿದ ಕಥೆ

ಮೊದಲು ನಿಜವಾಗಿ ನಡೆದ ಒಂದು ಪ್ರಸಂಗ. 2015ರಲ್ಲಿ ಜರ್ಮನಿಯಿಂದ ಒಂದು ಸುದ್ದಿ ಹೊರಟಿತು: ದಿನಾ ಸ್ವಲ್ಪ ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ. ಜರ್ಮನಿಯ ‘ಬಿಲ್ಡ್’ ಪತ್ರಿಕೆ ಅದನ್ನು ಮುಖಪುಟದಲ್ಲಿ ಹಾಕಿತು. ಹಲವು ದೇಶಗಳ ಮಾಧ್ಯಮಗಳು ಎತ್ತಿಕೊಂಡವು.

ಆಮೇಲೆ ಅಧ್ಯಯನ ಮಾಡಿದವರೇ ಗುಟ್ಟು ಬಿಟ್ಟುಕೊಟ್ಟರು. ಪತ್ರಕರ್ತ ಜಾನ್ ಬೊಹಾನನ್ ಮತ್ತು ಜರ್ಮನಿಯ ಇಬ್ಬರು ಸಾಕ್ಷ್ಯಚಿತ್ರ ತಯಾರಕರು, ಕಳಪೆ ಅಧ್ಯಯನವೊಂದು ಎಷ್ಟು ಸುಲಭವಾಗಿ ಸುದ್ದಿಯಾಗುತ್ತದೆ ಎಂದು ತೋರಿಸಲೆಂದೇ ಇದನ್ನು ಮಾಡಿದ್ದರು. ಪ್ರಯೋಗವೇನೂ ಕಟ್ಟುಕಥೆಯಲ್ಲ. ನಿಜವಾದ ಜನ, ನಿಜವಾದ ಅಳತೆ. ಒಂದು ಗುಂಪಿಗೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ, ಎರಡನೆಯದಕ್ಕೆ ಅದೇ ಊಟದ ಜೊತೆ ದಿನಕ್ಕೆ 42 ಗ್ರಾಂ ಡಾರ್ಕ್ ಚಾಕೊಲೇಟ್, ಮೂರನೆಯದಕ್ಕೆ ಮಾಮೂಲಿ ಊಟ. ಮೂರು ವಾರ ಕಳೆದ ಮೇಲೆ ಚಾಕೊಲೇಟ್ ಗುಂಪಿನ ತೂಕ ಶೇ 10ರಷ್ಟು ಹೆಚ್ಚು ವೇಗವಾಗಿ ಇಳಿದಿತ್ತು.

ತಪ್ಪು ಎಲ್ಲಿತ್ತು? ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 15 ಜನ. ಅಂದರೆ ಗುಂಪಿಗೆ ಐದರಂತೆ. ಅಳೆದದ್ದು ಮಾತ್ರ ತೂಕ, ಕೊಲೆಸ್ಟ್ರಾಲ್, ನಿದ್ದೆ ಎಂದೆಲ್ಲ ಸೇರಿ 18 ಸಂಗತಿ. ಅಷ್ಟರಲ್ಲಿ ಯಾವುದೋ ಒಂದು ‘ಗೆಲ್ಲುತ್ತದೆ’ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಗೆದ್ದದ್ದನ್ನು ಹಿಡಿದು ತಲೆಬರಹ ಮಾಡಿದರು. ಇದು ಏಕೆ ಮೋಸ ಎಂದು ತಿಳಿಯಲು ನಮ್ಮ ರಾಗಿಯ ಸಂದೇಶಕ್ಕೆ ವಾಪಸ್ ಬರೋಣ.

ಸರಾಸರಿ ಏನನ್ನು ಮುಚ್ಚಿಡುತ್ತದೆ?

ಗುಂಪಿಗೆ ಐದು ಜನರಂತೆ 15 ಜನ. ಊಟವಾದ ಎರಡು ಗಂಟೆಗೆ ಶುಗರ್ ನೋಡಿದೆವು ಎಂದುಕೊಳ್ಳಿ. ಇವು ಉದಾಹರಣೆಗೆ ನಾವೇ ಕಟ್ಟಿದ ಅಂಕಿಗಳು. ದಯವಿಟ್ಟು ಸ್ಕ್ರೀನ್‌ಶಾಟ್ ತೆಗೆದು ಹಂಚಬೇಡಿ.

ಮೊದಲ ಸನ್ನಿವೇಶ:
ಅಕ್ಕಿ: 148, 149, 150, 151, 152. ಸರಾಸರಿ 150.
ಗೋಧಿ: 143, 144, 145, 146, 147. ಸರಾಸರಿ 145.
ರಾಗಿ: 138, 139, 140, 141, 142. ಸರಾಸರಿ 140.

ಎರಡನೆಯ ಸನ್ನಿವೇಶ:
ಅಕ್ಕಿ: 130, 140, 150, 160, 170. ಸರಾಸರಿ 150.
ಗೋಧಿ: 125, 135, 145, 155, 165. ಸರಾಸರಿ 145.
ರಾಗಿ: 120, 130, 140, 150, 160. ಸರಾಸರಿ 140.

ಎರಡರಲ್ಲೂ ಸರಾಸರಿ ಅವೇ. ಫಾರ್ವರ್ಡ್ ಸಂದೇಶದಲ್ಲಿ ಎರಡಕ್ಕೂ ಒಂದೇ ವಾಕ್ಯ ಬರುತ್ತದೆ: ‘ರಾಗಿ ತಿಂದವರಿಗೆ 10 ಪಾಯಿಂಟ್ ಕಡಿಮೆ.’ ಆದರೆ ಒಳಗೆ ಇಣುಕಿ ನೋಡಿ. ಮೊದಲನೆಯದರಲ್ಲಿ ರಾಗಿ ತಿಂದವರೆಲ್ಲರೂ ಅಕ್ಕಿ ತಿಂದವರೆಲ್ಲರಿಗಿಂತ ಕೆಳಗಿದ್ದಾರೆ. ಎರಡನೆಯದರಲ್ಲಿ ರಾಗಿ ತಿಂದ ಒಬ್ಬರಿಗೆ 160, ಅಕ್ಕಿ ತಿಂದ ಒಬ್ಬರಿಗೆ 130. ಒಂದೇ ಊಟ ಮಾಡಿದವರ ನಡುವೆಯೇ 40 ಪಾಯಿಂಟ್ ಅಂತರ. ಅದರ ಮುಂದೆ ಗುಂಪುಗಳ ನಡುವಿನ 10 ಪಾಯಿಂಟ್ ಏನೂ ಅಲ್ಲ. ಆಚೆ ಗುಂಪಿನ ಒಬ್ಬರನ್ನು ಈಚೆ ಗುಂಪಿಗೆ ಹಾಕಿದ್ದರೆ ಫಲಿತಾಂಶವೇ ತಿರುಗಿಬೀಳಬಹುದಿತ್ತು.

ವಯಸ್ಸು, ಮೈತೂಕ, ಹಿಂದಿನ ರಾತ್ರಿಯ ನಿದ್ದೆ, ನಡೆದಾಡಿದ ಪ್ರಮಾಣ, ಹೀಗೆ ಶುಗರ್ ಏರಿಳಿಯಲು ನೂರೆಂಟು ಕಾರಣ. ಸರಾಸರಿ ಎಂಬ ಒಂದೇ ಅಂಕಿ ಈ ಏರುಪೇರನ್ನೆಲ್ಲ ಮುಚ್ಚಿಬಿಡುತ್ತದೆ.

ಅನೋವಾ ಮಾಡುವುದೇನು?

ಅನೋವಾ ಎರಡು ಬಗೆಯ ಏರುಪೇರನ್ನು ಅಳೆಯುತ್ತದೆ. ಒಂದು, ಗುಂಪು ಗುಂಪುಗಳ ನಡುವಿನದು. ಇನ್ನೊಂದು, ಪ್ರತಿ ಗುಂಪಿನ ಒಳಗಿನದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವ ಅಂಕಿಗೆ ‘ಎಫ್’ ಎಂದು ಹೆಸರು.

ಗುಂಪುಗಳ ನಡುವಿನ ಲೆಕ್ಕ ಎರಡೂ ಸನ್ನಿವೇಶದಲ್ಲಿ ಒಂದೇ. ಒಟ್ಟು 15 ಜನರ ಸರಾಸರಿ 145. ಅಕ್ಕಿ ಗುಂಪು ಅದಕ್ಕಿಂತ 5 ಮೇಲೆ, ರಾಗಿ ಗುಂಪು 5 ಕೆಳಗೆ, ಗೋಧಿ ಸರಿಯಾಗಿ ಅಲ್ಲೇ. ಈ ಅಂತರಗಳ ವರ್ಗ 25, 25 ಮತ್ತು 0. ಕೂಡಿದರೆ 50. ಗುಂಪಿಗೆ ಐದು ಜನರಾದ್ದರಿಂದ 5ರಿಂದ ಗುಣಿಸಿದರೆ 250. ಗುಂಪುಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 2ರಿಂದ ಭಾಗಿಸಿದರೆ 125.

ಇನ್ನು ಗುಂಪಿನ ಒಳಗಿನ ಲೆಕ್ಕ. ಪ್ರತಿಯೊಬ್ಬರೂ ತಮ್ಮ ಗುಂಪಿನ ಸರಾಸರಿಯಿಂದ ಎಷ್ಟು ದೂರವಿದ್ದಾರೆ ಎಂದು ನೋಡಿ, ಅದರ ವರ್ಗ ಮಾಡಿ, ಎಲ್ಲವನ್ನೂ ಕೂಡಬೇಕು. ಮೊದಲ ಸನ್ನಿವೇಶದಲ್ಲಿ ಒಟ್ಟು 30, ಎರಡನೆಯದರಲ್ಲಿ 3,000. ಅದನ್ನು 15 ಜನರಲ್ಲಿ 3 ಗುಂಪು ಕಳೆದು ಉಳಿಯುವ 12ರಿಂದ ಭಾಗಿಸಿದರೆ ಮೊದಲನೆಯದರಲ್ಲಿ 2.5, ಎರಡನೆಯದರಲ್ಲಿ 250.

ಈಗ ಎಫ್ ನೋಡಿ. ಮೊದಲ ಸನ್ನಿವೇಶದಲ್ಲಿ 125 ಭಾಗಿಸು 2.5, ಅಂದರೆ 50. ಎರಡನೆಯದರಲ್ಲಿ 125 ಭಾಗಿಸು 250, ಅಂದರೆ ಬರೀ 0.5.

ಆಹಾರದಿಂದ ಯಾವ ವ್ಯತ್ಯಾಸವೂ ಆಗದಿದ್ದರೆ ಎಫ್ ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುತ್ತದೆ. 3 ಗುಂಪು, 15 ಜನ ಇರುವ ಪ್ರಯೋಗದಲ್ಲಿ ಎಫ್ ಸುಮಾರು 3.89 ದಾಟಿದರೆ ಮಾತ್ರ ‘ಇದು ಬರೀ ಕಾಕತಾಳೀಯ ಎನ್ನುವುದು ಕಷ್ಟ’ ಎಂದು ಸಂಶೋಧಕರು ಪರಿಗಣಿಸುತ್ತಾರೆ. ಏಕೆ ಅಷ್ಟೇ? ವ್ಯತ್ಯಾಸವೇ ಇಲ್ಲದಿದ್ದಾಗಲೂ ಅದೃಷ್ಟವಶಾತ್ ಅಷ್ಟು ದೊಡ್ಡ ಎಫ್ ಬರುವ ಸಾಧ್ಯತೆ 100ಕ್ಕೆ 5 ಮಾತ್ರ. ಈ 100ಕ್ಕೆ 5 ಎಂಬುದು ರೂಢಿಯಲ್ಲಿ ಬಂದ ಗಡಿ, ಪ್ರಕೃತಿಯ ನಿಯಮವಲ್ಲ.

ಎರಡೆರಡು ಗುಂಪನ್ನೇ ಹೋಲಿಸಿದರೆ ಆಗದೇ?

ಅಕ್ಕಿಗೂ ಗೋಧಿಗೂ ಒಂದು ಹೋಲಿಕೆ, ಗೋಧಿಗೂ ರಾಗಿಗೂ ಇನ್ನೊಂದು, ಅಕ್ಕಿಗೂ ರಾಗಿಗೂ ಮತ್ತೊಂದು. ಹೀಗೆ ಮಾಡಿದರೆ ಸುಲಭವಲ್ಲವೇ? ಸುಲಭವೇನೋ ಹೌದು. ಆದರೆ ಪ್ರತಿ ಹೋಲಿಕೆಯಲ್ಲೂ ಮೋಸ ಹೋಗುವ ಸಾಧ್ಯತೆ 100ಕ್ಕೆ 5 ಇರುತ್ತದೆ, ಹೋಲಿಕೆ ಹೆಚ್ಚಿದಷ್ಟೂ ಅದು ಬೆಳೆಯುತ್ತದೆ. ಸ್ಥೂಲ ಲೆಕ್ಕದಲ್ಲಿ 3 ಹೋಲಿಕೆಗೆ ಶೇ 14. ಐದು ಗುಂಪು ಇದ್ದರೆ 10 ಹೋಲಿಕೆ, ಆಗ ಶೇ 40.

ಲಾಟರಿ ಟಿಕೆಟ್ ಇದ್ದಂತೆ. ಒಂದು ಕೊಂಡರೆ ಗೆಲ್ಲುವುದು ಕಷ್ಟ, ರಾಶಿ ಕೊಂಡರೆ ಒಂದಾದರೂ ಹತ್ತುತ್ತದೆ. ಚಾಕೊಲೇಟ್ ಅಧ್ಯಯನದಲ್ಲಿ 18 ಸಂಗತಿ ಅಳೆದಾಗ ಒಂದಾದರೂ ‘ಗೆಲ್ಲುವ’ ಸಾಧ್ಯತೆ ಇದೇ ಲೆಕ್ಕದಲ್ಲಿ ಸುಮಾರು ಶೇ 60. ಗೆದ್ದ ಟಿಕೆಟ್ ಮಾತ್ರ ತೋರಿಸಿ, ಉಳಿದ 17ನ್ನು ಜೇಬಿಗೆ ಹಾಕಿಕೊಂಡರೆ ನೋಡಿದವರಿಗೆ ಅದು ಪವಾಡದಂತೆ ಕಾಣುತ್ತದೆ.

ಅನೋವಾ ಎಲ್ಲ ಗುಂಪುಗಳನ್ನೂ ಒಟ್ಟಿಗೆ ಇಟ್ಟು ಒಂದೇ ಪ್ರಶ್ನೆ ಕೇಳುತ್ತದೆ: ‘ಇವುಗಳಲ್ಲಿ ಯಾವುದಾದರೂ ಬೇರೆಯೇ?’ ಹೌದು ಎಂದು ಬಂದರೆ, ಯಾವುದು ಬೇರೆ ಎಂದು ತಿಳಿಯಲು ಟುಕಿ ಪರೀಕ್ಷೆಯಂಥ ಎರಡನೆಯ ಹಂತವಿದೆ. ಹೋಲಿಕೆ ಹೆಚ್ಚಿದಂತೆ ಅದು ಗಡಿಯನ್ನೂ ಬಿಗಿ ಮಾಡುತ್ತದೆ. ಆದರೆ ನೆನಪಿಡಿ: 18 ಸಂಗತಿಗಳಿಗೆ 18 ಅನೋವಾ ಮಾಡಿ ಒಂದನ್ನು ಮಾತ್ರ ತೋರಿಸಿದರೆ ಲಾಟರಿಯ ಸಮಸ್ಯೆ ಹಾಗೇ ಉಳಿಯುತ್ತದೆ.

ಹೊಲದಲ್ಲಿ ಹುಟ್ಟಿದ ವಿಧಾನ

ಆಸ್ಪತ್ರೆಗಳ ಅಧ್ಯಯನದಲ್ಲಿ ಬಳಸುವ ಈ ವಿಧಾನ ಬೆಳೆದದ್ದು ಗೊಬ್ಬರದ ಲೆಕ್ಕದಿಂದ. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದರು. ಯಾವ ಗೊಬ್ಬರ ಒಳ್ಳೆಯದು ಎಂಬುದು ಅಲ್ಲಿನ ಪ್ರಶ್ನೆ. ತೊಡಕೇನೆಂದರೆ ಒಂದೇ ಹೊಲದಲ್ಲೂ ಮಣ್ಣು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ, ಆ ಮೂಲೆಯ ಮಣ್ಣಿನಿಂದಲೋ? ನಮ್ಮ ಯಾವ ರೈತರನ್ನು ಕೇಳಿದರೂ ಈ ತೊಡಕು ಅರ್ಥವಾಗುತ್ತದೆ.

ಫಿಶರ್ ಕಂಡುಕೊಂಡ ದಾರಿಯಲ್ಲಿ ಎರಡು ಭಾಗ. ಹೊಲವನ್ನು ಸಣ್ಣ ತುಂಡುಗಳಾಗಿ ಮಾಡಿ, ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು ಒಂದು. ಆಮೇಲೆ ಇಳುವರಿಯ ಏರುಪೇರನ್ನು ಗೊಬ್ಬರದ ಪಾಲು, ಉಳಿದ ಪಾಲು ಎಂದು ಬಿಡಿಸುವುದು ಇನ್ನೊಂದು. 1923ರಲ್ಲಿ ಆಲೂಗಡ್ಡೆ ತಳಿಗಳ ಮೇಲಿನ ಪ್ರಬಂಧದಲ್ಲಿ ಇದನ್ನು ಬಳಸಿದರು, 1925ರ ಪುಸ್ತಕದಿಂದ ಇದು ಎಲ್ಲೆಡೆ ಹರಡಿತು. ‘ಎಫ್’ ಎಂಬ ಹೆಸರನ್ನು ಫಿಶರ್ ಗೌರವಾರ್ಥ ಇಟ್ಟವರು ಅಮೆರಿಕದ ಜಾರ್ಜ್ ಸ್ನೆಡೆಕಾರ್.

ಇದಕ್ಕೆ ಕರ್ನಾಟಕದ ನಂಟೂ ಇದೆ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಕೇಂಬ್ರಿಡ್ಜ್‌ನಲ್ಲಿ ಫಿಶರ್ ಮಾರ್ಗದರ್ಶನದಲ್ಲೇ ಪಿಎಚ್‌ಡಿ ಮಾಡಿದರು. ಒಂದರ ಬದಲು ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟು ಗುಂಪುಗಳನ್ನು ಹೋಲಿಸುವ ವಿಧಾನಗಳನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು.

ಅನೋವಾ ಹೇಳದ ಸಂಗತಿಗಳು

ಎಫ್ ದೊಡ್ಡದು ಬಂದ ಮಾತ್ರಕ್ಕೆ ಲಾಭ ದೊಡ್ಡದು ಎಂದಲ್ಲ. ನಮ್ಮ ಎರಡನೆಯ ಸನ್ನಿವೇಶದಷ್ಟೇ ಏರುಪೇರು ಇಟ್ಟುಕೊಂಡು, ಗುಂಪಿಗೆ 5,000 ಜನ ಇದ್ದರೆ, ಸರಾಸರಿಗಳು 146, 145, 144 ಬಂದರೂ ಎಫ್ 20 ಆಗುತ್ತದೆ. ವ್ಯತ್ಯಾಸ ಕಾಕತಾಳೀಯವಲ್ಲ, ಸರಿ. ಆದರೆ ಒಂದು ಪಾಯಿಂಟ್ ಶುಗರ್‌ನಿಂದ ರೋಗಿಗೆ ಆಗುವ ಪ್ರಯೋಜನವೇನು? ಮನೆಯ ಗ್ಲುಕೋಮೀಟರ್‌ನಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಚುಚ್ಚಿ ನೋಡಿದರೂ ಅದಕ್ಕಿಂತ ಹೆಚ್ಚು ಅಂತರ ಬರಬಹುದು.

ಎಫ್ ಚಿಕ್ಕದು ಬಂದರೆ ‘ವ್ಯತ್ಯಾಸವೇ ಇಲ್ಲ’ ಎಂದು ಸಾಬೀತಾಗುವುದೂ ಇಲ್ಲ. ಜನ ಕಡಿಮೆ ಇದ್ದರೆ ನಿಜವಾದ ಪರಿಣಾಮವೂ ಕಾಣದೆ ಹೋಗಬಹುದು. ಹಾಗಾಗಿ ನಮ್ಮ ಉದಾಹರಣೆಯಿಂದ ರಾಗಿ ಉಪಯೋಗವಿಲ್ಲ ಎಂಬ ಹೊಸ ಫಾರ್ವರ್ಡ್ ಹುಟ್ಟಬಾರದು.

ಇನ್ನೊಂದು, ಗುಂಪು ಮಾಡಿದ ರೀತಿ. ವಾಕಿಂಗ್ ಮಾಡುವವರೆಲ್ಲ ತಾವಾಗಿಯೇ ರಾಗಿ ಗುಂಪು ಸೇರಿಕೊಂಡರೆ, ಶುಗರ್ ಇಳಿಸಿದ್ದು ರಾಗಿಯೋ ವಾಕಿಂಗೋ ಎಂದು ಯಾವ ಲೆಕ್ಕವೂ ಬಿಡಿಸಿ ಹೇಳದು. ಅದಕ್ಕೇ ಫಿಶರ್ ಚೀಟಿ ಎತ್ತುವ ಕ್ರಮಕ್ಕೆ ಅಷ್ಟು ಮಹತ್ವ ಕೊಟ್ಟದ್ದು. ಹಾಗೆಯೇ ಒಬ್ಬರದೇ ಶುಗರ್ ಐದು ಸಲ ನೋಡಿದರೆ ಅದು ಐದು ಜನರ ಲೆಕ್ಕವಾಗುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಎಫ್ ಲೆಕ್ಕವನ್ನು ನೀವು ಮಾಡಬೇಕಿಲ್ಲ. ಇಷ್ಟು ಕೇಳಿದರೆ ಸಾಕು:

ಗುಂಪಿಗೆ ಎಷ್ಟು ಜನ ಇದ್ದರು?
ಒಂದೇ ಗುಂಪಿನವರ ನಡುವೆ ಎಷ್ಟು ಏರುಪೇರು ಇತ್ತು?
ಯಾರು ಯಾವ ಗುಂಪಿಗೆ ಎಂದು ನಿರ್ಧರಿಸಿದ್ದು ಹೇಗೆ?
ಒಟ್ಟು ಎಷ್ಟು ಸಂಗತಿ ಅಳೆದರು, ತೋರಿಸಿದ್ದು ಎಷ್ಟು?
ವ್ಯತ್ಯಾಸ ರೋಗಿಗೆ ಉಪಯೋಗವಾಗುವಷ್ಟು ದೊಡ್ಡದೇ?

ನಾಲ್ಕನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಂದು ದಾರಿ ಇದೆ. ಔಷಧ ಮತ್ತು ಚಿಕಿತ್ಸೆಯ ಪ್ರಯೋಗಗಳನ್ನು ದಾಖಲಿಸಲು ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ’ 2007ರಲ್ಲಿ ಶುರುವಾಯಿತು, 2009ರಿಂದ ಹೊಸ ಔಷಧಗಳ ಪ್ರಯೋಗಕ್ಕೆ ನೋಂದಣಿ ಕಡ್ಡಾಯ. ಮುಖ್ಯವಾಗಿ ಏನನ್ನು ಅಳೆಯುತ್ತೇವೆ ಎಂದು ಸಂಶೋಧಕರು ಅಲ್ಲಿ ಬರೆಯಬೇಕು. ಫೋನಿನಲ್ಲೇ ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು.

ರಾಗಿ ಮುದ್ದೆ ಇಷ್ಟವಿದ್ದರೆ ಖಂಡಿತ ತಿನ್ನಿ. ಆದರೆ ಮಾತ್ರೆ ಬಿಡುವ, ಕಡಿಮೆ ಮಾಡುವ ನಿರ್ಧಾರವನ್ನು ನಿಮ್ಮ ರಿಪೋರ್ಟ್ ನೋಡಿದ ವೈದ್ಯರ ಜೊತೆ ಕೂತು ಮಾಡಿ. ಫಾರ್ವರ್ಡ್‌ನಲ್ಲಿ ಬಂದ ಸರಾಸರಿ ಯಾವುದೋ ಗುಂಪಿನದು. ನಿಮ್ಮ ಮನೆಯವರು ಆ ಗುಂಪಿನ 120 ಆಗಿರಬಹುದು, 160 ಕೂಡ ಆಗಿರಬಹುದು. ಅದನ್ನು ಸರಾಸರಿ ಹೇಳುವುದಿಲ್ಲ.