ಪರದ್ವೀಪಕ್ಕೆ ಹೊರಡುವ ಮುಂಚೆ

ದೂರದ ಪ್ರಯಾಣಕ್ಕೆ ಸಿದ್ಧತೆ ಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಶಿಗೆ ಹೊರಡುವವರು ಸಾಲವನ್ನು ತೀರಿಸಿ, ಬರಬೇಕಾದ ಬಾಕಿಯನ್ನು ಮಕ್ಕಳಿಗೆ ತಿಳಿಸಿ, ಬುತ್ತಿ ಕಟ್ಟಿಕೊಂಡು, ನಂಟರಿಷ್ಟರಿಗೆ ಹೇಳಿ ಹೊರಡುತ್ತಿದ್ದರು. ಈಗ ಪ್ರಯಾಣದ ದಾರಿ ಬದಲಾಗಿದೆ. ಸಿದ್ಧತೆಯ ಅಗತ್ಯವು ಮಾತ್ರ ಬದಲಾಗಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದ ಮೇಲೆ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಂಥ ಊರಿಗೆ ಪರದೇಶದ ಹೆಬ್ಬಾಗಿಲು ಸುಮಾರು ಒಂದು ಗಂಟೆಯ ದಾರಿಯಾಯಿತು. ಹಿಪ್ಪುನೇರಳೆಯ ಸೊಪ್ಪು ಕೊಯ್ಯುವವರು ತಲೆಯೆತ್ತಿ ನೋಡುವ ವಿಮಾನದಲ್ಲಿ ಅವರ ಮಕ್ಕಳೇ ಕುಳಿತಿರುವುದು ಈಗ ಆಶ್ಚರ್ಯದ ಸಂಗತಿಯಲ್ಲ.

ಆ ಊರಿನ ರೇಷ್ಮೆ ಬೆಳೆಯುವ ಒಂದು ಮನೆಯವರು ಈಚೆಗೆ ನಮ್ಮನ್ನು ಒಂದು ವಿಷಯ ಕೇಳಿದರು. ಅವರ ಮಗಳು ಬಾರ್ಬಡೋಸ್ ದ್ವೀಪದಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿರುವಳು. ಆಕೆಗೆ ಮೈಯಲ್ಲಿ ಸ್ವಸ್ಥವಿಲ್ಲದ ಕಾರಣ ತಾಯಿಯೊಬ್ಬರೇ ಅಲ್ಲಿಗೆ ಹೋಗಬೇಕಾಗಿದೆ. ತಾಯಿಗೆ ಕನ್ನಡ, ತೆಲುಗು ಬರುತ್ತವೆ, ಇಂಗ್ಲಿಷು ಬಾರದು. “ದ್ವೀಪದವರು ಕೇಳುವ ಫಾರಂ ಒಂದಿದೆಯಂತೆ. ಅಂಗಡಿಯವರು ತುಂಬಿಕೊಡುತ್ತೇವೆ ಎನ್ನುತ್ತಾರೆ. ಸಾವಿರಾರು ರೂಪಾಯಿ ಕೇಳುತ್ತಾರೆ. ಕೊಟ್ಟುಬಿಡೋಣವೇ?” ಎಂಬುದು ಅವರ ಪ್ರಶ್ನೆ. ಇದು ಒಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲವಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ಬಾರ್ಬಡೋಸಿನ ಹೆಸರು ನಮ್ಮವರಿಗೆ ಕ್ರಿಕೆಟ್ಟಿನಿಂದ ಪರಿಚಿತವಾದುದು; 2024ರ ಜೂನ್ 29ರಂದು ಭಾರತದ ತಂಡವು ವಿಶ್ವಕಪ್ಪನ್ನು ಗೆದ್ದದ್ದು ಅಲ್ಲಿನ ಬ್ರಿಜ್‌ಟೌನಿನಲ್ಲಿಯೇ. ಅಲ್ಪಕಾಲದ ಭೇಟಿಗೆ ಭಾರತೀಯರಿಂದ ವೀಸಾ ಕೇಳದ ದೇಶಗಳಲ್ಲಿ ಅದೂ ಒಂದು. ಆದರೆ ವೀಸಾ ಬೇಡವೆಂದ ಮಾತ್ರಕ್ಕೆ ಕಾಗದಪತ್ರವೇ ಬೇಡವೆಂದು ತಿಳಿಯಕೂಡದು. ಮೊದಲನೆಯದಾಗಿ, ದಾರಿಯಲ್ಲಿ ವಿಮಾನ ಬದಲಿಸುವ ದೇಶದ ಅಪ್ಪಣೆ ಬೇಕು. ಅಮೆರಿಕದ ಮೂಲಕ ಹೋಗುವ ಭಾರತೀಯನು ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅಲ್ಲಿನ ವೀಸಾ ಇರಬೇಕು. ಲಂಡನ್ನಿನಲ್ಲಿಯೂ ಸಾಮಾನ್ಯವಾಗಿ ದಾಟುವ ವೀಸಾ ಬೇಕಾಗುವುದು. ಟಿಕೆಟ್ಟು ಕೊಳ್ಳುವ ಮುಂಚೆಯೇ ಇದನ್ನು ವಿಚಾರಿಸತಕ್ಕದ್ದು. ಎರಡನೆಯದಾಗಿ, ವಲಸೆಯ ಕಚೇರಿ ಮತ್ತು ಸುಂಕದ ಕಚೇರಿಗಳಿಗೆ ಸೇರಿದ ಫಾರಮ್ಮನ್ನು ಆನ್‌ಲೈನಿನಲ್ಲಿ ತುಂಬಬೇಕು. ಬಾರ್ಬಡೋಸಿನಂತೆಯೇ ಜಮೈಕಾ, ಡೊಮಿನಿಕನ್ ಗಣರಾಜ್ಯ ಮೊದಲಾದುವೂ ಇಂಥ ಫಾರಮ್ಮನ್ನು ಇಟ್ಟಿವೆ. ಡೊಮಿನಿಕನ್ ಗಣರಾಜ್ಯದಲ್ಲಿ ಒಳಬರುವಾಗಲೂ ಹೊರಹೋಗುವಾಗಲೂ ಅದು ಬೇಕು.

ಹಣದ ಮಾತನ್ನು ಮೊದಲು ಮುಗಿಸುವೆವು. ಈ ಮೂರು ದೇಶಗಳ ಸರ್ಕಾರಗಳೂ ಈ ಫಾರಮ್ಮಿಗೆ ಒಂದು ಕಾಸನ್ನೂ ಕೇಳುವುದಿಲ್ಲ. ಹಣ ಕೇಳುವ ಪುಟವು ಎಷ್ಟೇ ಅಂದವಾಗಿ ಬಾವುಟ, ಮುದ್ರೆಗಳನ್ನು ಧರಿಸಿದ್ದರೂ ಸರ್ಕಾರದ್ದಲ್ಲವೆಂದು ತಿಳಿಯಬೇಕು. ಬಾರ್ಬಡೋಸ್ ಸರ್ಕಾರದ ವಿಳಾಸವು ‘ಗವ್ ಡಾಟ್ ಬಿಬಿ’ ಎಂದು ಮುಗಿಯುವುದು. ಹಣ ಹೋದರೆ ಹೋಗಲಿ ಎನ್ನುವವರು ಇನ್ನೊಂದನ್ನು ಯೋಚಿಸಬೇಕು: ಪಾಸ್‌ಪೋರ್ಟಿನ ಸಂಖ್ಯೆ, ಹುಟ್ಟಿದ ದಿನ, ಮನೆಯ ವಿಳಾಸ ಇವೆಲ್ಲವೂ ಗುರುತಿಲ್ಲದವರ ಕೈಸೇರುವುದು. ಮನೆಯ ಬೀಗದ ಕೈಯನ್ನು ಬೀದಿಯಲ್ಲಿ ಹೋಗುವವರಿಗೆ ಕೊಟ್ಟಂತೆಯೇ ಇದು.

ಇನ್ನು ಹೆಸರಿನ ವಿಚಾರ. ನಮ್ಮ ಕಡೆ ಮನೆತನದ ಹೆಸರೆಂಬುದು ಅನೇಕರಿಗಿಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ತನ್ನ ಹೆಸರು, ಇಷ್ಟೇ. ‘ಜೆ’ ಎಂದರೆ ಜಂಗಮಕೋಟೆಯೆಂದು ಇಲ್ಲಿ ಎಲ್ಲರಿಗೂ ಗೊತ್ತು. ದ್ವೀಪದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಸ್ಥಳ ಬರಿದಾಗಿದ್ದರೆ ತೊಡಕು ಇನ್ನೂ ಹೆಚ್ಚು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳು ಒಂದೇ ಹೆಸರಿನ ಪಾಸ್‌ಪೋರ್ಟಿರುವ ಸಂದರ್ಶಕರನ್ನು ಒಳಬಿಡುವುದಿಲ್ಲವೆಂದಾಗ ನಮ್ಮವರು ಎಷ್ಟೋ ಮಂದಿ ಗಾಬರಿಗೊಂಡರು. ಆದುದರಿಂದ ಟಿಕೆಟ್ಟಿನಲ್ಲಿ, ಫಾರಮ್ಮಿನಲ್ಲಿ, ವೀಸಾದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕು. ಅಕ್ಷರವನ್ನು ಬಿಡಿಸಿ ಊರಿನ ಹೆಸರನ್ನು ಪೂರ್ಣವಾಗಿ ಬರೆಯುವುದಾಗಲಿ, ಕೂಗುವ ಹೆಸರನ್ನು ಸೇರಿಸುವುದಾಗಲಿ ಸಲ್ಲದು. ಭಾರತದ ಪಾಸ್‌ಪೋರ್ಟಿನ ಸಂಖ್ಯೆಯಲ್ಲಿ ಮೊದಲನೆಯದು ಅಕ್ಷರ, ಉಳಿದ ಏಳೂ ಅಂಕಿಗಳು. ಸೊನ್ನೆಯೋ ‘ಓ’ ಅಕ್ಷರವೋ ಎಂಬ ಸಂದೇಹ ಇದರಿಂದ ತೀರುವುದು. ತಾರೀಖಿನಲ್ಲಿ ದಿನ ಮೊದಲೋ ತಿಂಗಳು ಮೊದಲೋ ಎಂಬುದನ್ನೂ ನೋಡಿಕೊಳ್ಳಬೇಕು.

ಯಾವಾಗ ತುಂಬಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆ. ಹೊರಡುವ ಹಿಂದಿನ ವಾರದಲ್ಲಿಯೇ ಆಯಾ ಸರ್ಕಾರದ ಪುಟವನ್ನು ತೆರೆದು ಅವಧಿಯನ್ನು ಗುರುತು ಹಾಕಿಕೊಳ್ಳುವುದು ಲೇಸು. ಬಾರ್ಬಡೋಸಿನ ಗಡಿಯಾರವು ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿಗೆ ಸೇರುವ ದಿನವನ್ನು ಅಲ್ಲಿಯ ಲೆಕ್ಕದಿಂದಲೇ ಬರೆಯಬೇಕು. ಇಳಿದುಕೊಳ್ಳುವ ಮನೆಯ ವಿಳಾಸವನ್ನೂ ದೂರವಾಣಿಯ ಸಂಖ್ಯೆಯನ್ನೂ ಮಗಳಿಂದ ಮೊದಲೇ ತರಿಸಿಕೊಂಡಿರಬೇಕು. ತುಂಬಿದ ಮೇಲೆ ಬರುವ ರಸೀದಿಯನ್ನು ಫೋನಿನಲ್ಲಿ ಇಟ್ಟುಕೊಂಡರೆ ಸಾಲದು. ಕಾಗದದ ಮೇಲೆ ಅಚ್ಚು ಹಾಕಿಸಿ ಪಾಸ್‌ಪೋರ್ಟಿನ ಜೊತೆಗಿಡಬೇಕು. ಫೋನು ಬ್ಯಾಟರಿ ಮುಗಿದು ನಿಂತೀತು. ಕಾಗದಕ್ಕೆ ಆ ಭಯವಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಫಾರಮ್ಮನ್ನು ಯಾರ ಕೈ ತುಂಬಿದರೂ ಅದರಲ್ಲಿ ಮಾತನಾಡುವವರು ಪ್ರಯಾಣ ಹೊರಟವರು. ಅಂಗಡಿಯಲ್ಲಿ ಕುಳಿತವನು ಅವಸರದಿಂದ ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ಒತ್ತಿಬಿಡುವುದುಂಟು. ಗಿಡ, ಬೀಜ, ಹಣ್ಣು, ತಿಂಡಿಪದಾರ್ಥ ತಂದಿರುವಿರಾ ಎಂದು ಸುಂಕದವರು ಕೇಳಿರುವರು. ತಾಯಿಯ ಪೆಟ್ಟಿಗೆಯಲ್ಲಿಯಾದರೋ ಹುಣಿಸೆಹಣ್ಣು, ಉಪ್ಪಿನಕಾಯಿ, ಒಣಗಿಸಿದ ಅವರೆಕಾಳು, ಮಗಳಿಗೆ ಪ್ರಿಯವೆಂದು ಹಸಿ ಕರಿಬೇವು. ಈಚೆಗೆ ಹೊಲದಲ್ಲಿ, ದನಗಳ ಬಳಿ ಇದ್ದಿರಾ ಎಂದು ಅಮೆರಿಕದಂಥ ದೇಶಗಳು ಕೇಳುವುವು. ಬೆಳಗಾಗೆದ್ದು ಸೀಮೆಹಸುವಿನ ಹಾಲು ಕರೆದು, ತೋಟಕ್ಕೆ ಹೋಗಿಬರುವ ಗೃಹಿಣಿ ಇದಕ್ಕೆ ‘ಇಲ್ಲ’ ಎನ್ನುವುದು ಹೇಗೆ? ಆಕೆ ಎಂದೂ ಸುಳ್ಳು ಹೇಳಿದವರಲ್ಲ. ಆದರೂ ಆಕೆಯ ಹೆಸರಿನಲ್ಲಿ ಸುಳ್ಳೊಂದು ಸಮುದ್ರ ದಾಟಿ ಅವರಿಗಿಂತ ಮುಂಚೆ ಅಲ್ಲಿಗೆ ಸೇರಿರುವುದು. ಹೇಳಿ ತೋರಿಸಿದ ಪದಾರ್ಥವು ಹೋದರೆ ಪದಾರ್ಥ ಮಾತ್ರ ಹೋದೀತು. ಹೇಳದೆ ಸಿಕ್ಕಿಬಿದ್ದರೆ ದಂಡವೂ ಉಂಟು, ಭಾಷೆ ತಿಳಿಯದ ಸ್ಥಳದಲ್ಲಿ ಅವಮಾನವೂ ಉಂಟು. ಹಸಿ ಎಲೆ, ಬಿತ್ತನೆಯ ಬೀಜಗಳನ್ನು ಮನೆಯಲ್ಲಿಯೇ ಬಿಟ್ಟು, ಚಪ್ಪಲಿಯ ಮಣ್ಣನ್ನು ತೊಳೆದು, ಉಳಿದುದನ್ನು ಉಳ್ಳಂತೆ ಹೇಳುವುದೇ ಕ್ಷೇಮ.

ನಮ್ಮ ದೇಶದಿಂದ ಆ ಕಡೆಯ ದ್ವೀಪಗಳಿಗೆ ಹೋದವರ ಕಾಗದವನ್ನು ಇತರರು ಬರೆದದ್ದು ಇದೇ ಮೊದಲಲ್ಲ. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಕರಾರಿನ ಕೂಲಿಗಳನ್ನು ಹೊತ್ತು ಟ್ರಿನಿಡಾಡನ್ನು ಸೇರಿತು. ಹೀಗೆ ಹೋಗುವವರಿಗೆ ಕೊಡುತ್ತಿದ್ದ ವಲಸೆಯ ಪಾಸಿನಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಹಳ್ಳಿ, ಮೈಮೇಲಿನ ಗುರುತು ಇವನ್ನು ಗುಮಾಸ್ತನು ತನಗೆ ಕೇಳಿಸಿದಂತೆ ಬರೆದುಕೊಳ್ಳುತ್ತಿದ್ದನು. ತನ್ನ ಬಗ್ಗೆ ಏನು ಬರೆದರೆಂಬುದು ಓದುಬಾರದ ಕೂಲಿಗೆ ತಿಳಿಯುವಂತಿರಲಿಲ್ಲ. ಇಂದು ಅವರ ಮೊಮ್ಮಕ್ಕಳ ಮಕ್ಕಳು ಪೂರ್ವಿಕರ ಊರನ್ನು ಹುಡುಕುವಾಗ ಆ ತಪ್ಪುತಪ್ಪಾದ ಹೆಸರುಗಳೇ ಅವರಿಗೆ ಆಧಾರ. ಆ ಕಾಲದವರಿಗೆ ಬೇರೆ ಗತಿಯಿರಲಿಲ್ಲ, ನಮಗೆ ಇದೆ.

ಆದುದರಿಂದ ಜಂಗಮಕೋಟೆಯವರಿಗೆ ನಮ್ಮ ಉತ್ತರವಿಷ್ಟು. ಹಣ ಕೊಡಬೇಡಿರಿ. ರಾತ್ರಿ ಊಟವಾದ ಮೇಲೆ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಫಾರಮ್ಮನ್ನು ತೆರೆದು, ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ತಾಯಿಗೆ ಓದಿ ಹೇಳಲಿ. ಆಕೆ ಹೇಳಿದ ಉತ್ತರವನ್ನೇ ಬರೆಯಲಿ. ಕಳುಹಿಸುವ ಮುಂಚೆ ಇನ್ನೊಂದು ಸಲ ಓದಿ ಒಪ್ಪಿಗೆ ಪಡೆಯಲಿ. ಅರ್ಧ ಗಂಟೆಯ ಕೆಲಸವಿದು. ದೂರದ ನಿಲ್ದಾಣದಲ್ಲಿ ಅಧಿಕಾರಿಯು ಕಾಗದವನ್ನು ತಿರುವಿಹಾಕುವಾಗ, ಅದರಲ್ಲಿ ಏನಿದೆಯೆಂದು ಆಕೆಗೆ ತಿಳಿದಿದ್ದರೆ ಎದೆ ನಡುಗದು. ಕಾಯಿಲೆಯ ಮಗಳ ಬಳಿಗೆ ಹೋಗುವ ತಾಯಿಗೆ ಬುತ್ತಿಗಿಂತಲೂ ಮೊದಲು ಕಟ್ಟಿಕೊಡಬೇಕಾದದ್ದು ಈ ಧೈರ್ಯವನ್ನು.