‘ಶುಭೋದಯ’ಗಳ ಹೊರೆಯಲ್ಲಿ ಹೊರನಾಡ ಕನ್ನಡಿಗ

ಗುರುಗ್ರಾಮದ ಕನ್ನಡಿಗರ ಮನೆಗಳಲ್ಲಿ ಬೆಳಗಿನ ಕಾಫಿಗೆ ಮುಂಚೆಯೇ ಮೊಬೈಲ್ ‘ಟಿಣ್’ ಎನ್ನುತ್ತದೆ. ಗುಲಾಬಿ ಹೂವಿನ ಚಿತ್ರ ಹಾಕಿ ಒಬ್ಬರು ‘ಶುಭೋದಯ’ ಎಂದರೆ ಸಾಕು, ಎಂಟು ಗಂಟೆಯೊಳಗೆ ನಲವತ್ತು ಮರುನಮಸ್ಕಾರ. ಒಬ್ಬ ಸಾಮಾನ್ಯ ಗೃಹಸ್ಥ ಇಂದು ಎಷ್ಟು ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದಾನೆ ಎಂದು ಎಣಿಸಿದರೆ ಆಶ್ಚರ್ಯವಾಗುತ್ತದೆ. ಕನ್ನಡ ಸಂಘದ್ದೊಂದು, ಅದರ ಸಮಿತಿಯದ್ದೊಂದು, ನಾಟಕ ತಂಡದ್ದೊಂದು, ಅಪಾರ್ಟ್‌ಮೆಂಟಿನದ್ದೊಂದು, ಮಗಳ ಶಾಲೆಯದ್ದೊಂದು, ಕಚೇರಿಯವು ಮೂರು, ಊರಿನ ದಾಯಾದಿಗಳದ್ದೊಂದು. ಎಲ್ಲ ಕಡೆಯೂ ಹಾಜರಿ ಹಾಕಬೇಕು. ಹಾಕದಿದ್ದರೆ ‘ದೊಡ್ಡ ಮನುಷ್ಯರಾಗಿಬಿಟ್ಟರು’ ಎಂಬ ಮಾತು ಬರುತ್ತದೆ. 2014ರ ನವೆಂಬರಿನಲ್ಲಿ ನೀಲಿ ಗುರುತು ಬಂದ ಮೇಲಂತೂ ‘ನೋಡಲಿಲ್ಲ ಕಣ್ರೀ’ ಎಂಬ ಸಣ್ಣ ಸುಳ್ಳಿಗೂ ದಾರಿ ಇಲ್ಲ! (ಆ ಗುರುತನ್ನು ಮುಚ್ಚಿಡುವ ಸೌಲಭ್ಯವೇನೋ ಇದೆ, ಆದರೆ ಗುಂಪಿನ ಸಂದೇಶಗಳಿಗೆ ಅದು ಅನ್ವಯಿಸುವುದಿಲ್ಲ ಎಂಬುದು ಬಹಳ ಮಂದಿಗೆ ತಿಳಿಯದು.)

ಆರ್ಕುಟ್ ಕಾಲದಲ್ಲಿ ಹೀಗಿರಲಿಲ್ಲ. 2004ರಲ್ಲಿ ಆರಂಭವಾಗಿ 2014ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿದ ಆ ತಾಣವನ್ನು ನೋಡಲು ಬಹುಮಂದಿ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಬೇಕಾಗಿತ್ತು. ಎದ್ದು ಬಂದರೆ ಅಲ್ಲಿಗೆ ಮುಗಿಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಬಳಗವೇ ಜೇಬಿಗೆ ಬಂದು ಕುಳಿತಿದೆ. ಒಂದು ಗುಂಪಿನಲ್ಲಿ 2016ರಲ್ಲಿ 256 ಜನರಿಗೆ ಅವಕಾಶವಿತ್ತು, 2022ರಲ್ಲಿ ಅದು 1,024ಕ್ಕೆ ಏರಿತು. ಇಷ್ಟು ಜನರ ಹುಟ್ಟುಹಬ್ಬಕ್ಕೆ ಯಾರು ತಾನೇ ಹಾರೈಸಲು ಸಾಧ್ಯ?

ಹಾಗೆಂದು ಜಮೆಯ ಕಡೆ ಏನೂ ಇಲ್ಲವೆನ್ನಲಾಗದು. 2021ರ ಏಪ್ರಿಲ್-ಮೇ ತಿಂಗಳಿನ ಕೊರೊನಾ ಎರಡನೇ ಅಲೆಯನ್ನು ದೆಹಲಿ, ಗುರುಗ್ರಾಮದ ಜನ ಮರೆಯಲಾರರು. ಆಮ್ಲಜನಕದ ಸಿಲಿಂಡರ್ ಎಲ್ಲಿದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆ ಎಂಬ ಸುದ್ದಿ ಓಡಾಡಿದ್ದು ಇದೇ ಗುಂಪುಗಳಲ್ಲಿ. ಗುಂಪುಗಳನ್ನು ಮುಚ್ಚಿಬಿಡಿ ಎನ್ನುವವರು ಆ ರಾತ್ರಿಗಳನ್ನು ನೆನೆಯಬೇಕು.

ಖರ್ಚಿನ ಕಡೆಯೂ ದೊಡ್ಡದೇ ಇದೆ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಕೇಂದ್ರ ಸರ್ಕಾರ ಹದಿನೈದು ದಿನಗಳ ಕಾಲ ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳುಹಿಸದಂತೆ ತಡೆ ಹಾಕಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರಸ್ಥಳದವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿದ್ದರಿಂದ ಹೈದರಾಬಾದಿನ ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಅದೇ ತಿಂಗಳು ಕಂಪನಿಯು ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಪ್ರಕಟಿಸಿತು. ಎರಡೂ ಘಟನೆಗಳಲ್ಲಿ ಪೆಟ್ಟು ತಿಂದವರು ಪರಊರಿನವರು. ಸ್ವತಃ ಪರಊರಿನಲ್ಲಿ ಬಾಳುತ್ತಿರುವ ಕನ್ನಡಿಗರು ಸುದ್ದಿಯೊಂದನ್ನು ಮುಂದೆ ದಾಟಿಸುವಾಗ ಎರಡು ಸಲ ಯೋಚಿಸಬೇಕಾದ್ದು ಅದಕ್ಕಾಗಿ.

ಆದರೆ ಸಂಘಗಳ ಮಟ್ಟಿಗೆ ಹೆಚ್ಚು ನೋವಿನ ಸಂಗತಿ ಬೇರೆಯೇ ಇದೆ. ಒಂದು ಬಳಗದಲ್ಲಿ ವಾರ್ಷಿಕ ಚಂದಾ ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ಹೆಸರು, ಮೊತ್ತಗಳ ಸಹಿತ ಗುಂಪಿನಲ್ಲೇ ಹಾಕಲಾಯಿತು. ಸಾಲ ಬಾಕಿ ಇದೆಯೆಂದು ಬ್ಯಾಂಕಿನವರು ಗ್ರಾಹಕನ ಹೆಸರನ್ನು ಕೌಂಟರಿನಲ್ಲಿ ಕೂಗಿ ಹೇಳುವುದುಂಟೇ? ಪಟ್ಟಿಯಲ್ಲಿದ್ದ ಒಬ್ಬರು ಎರಡು ತಿಂಗಳ ಹಿಂದೆ ಖಾಸಗಿ ಕಂಪನಿಯ ನೌಕರಿ ಕಳೆದುಕೊಂಡಿದ್ದರು. ಮನೆಯಲ್ಲಿ ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅದೇ ರಾತ್ರಿ ಅವರು ಗುಂಪಿನಿಂದ ಹೊರಬಂದರು. 2022ರಿಂದೀಚೆಗೆ ಯಾರಾದರೂ ಹೊರಹೋದರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ. ಹೀಗಾಗಿ ಉಳಿದವರಿಗೆ ತಿಳಿಯಲೇ ಇಲ್ಲ. ಹದಿನೆಂಟು ವರ್ಷ ಗಣೇಶೋತ್ಸವಕ್ಕೆ ಪಾತ್ರೆ ಹೊತ್ತ ಮನುಷ್ಯ ಈ ಸಲ ಏಕೆ ಬಂದಿಲ್ಲವೆಂದು ಅಡುಗೆಯವರು ಕೇಳಿದಾಗಲೇ ಉಳಿದವರಿಗೆ ನೆನಪಾದದ್ದು! ಅಡ್ಮಿನ್‌ಗಳಾದರೂ ಒಂದು ಫೋನ್ ಮಾಡಬಹುದಿತ್ತು.

ಸಂಘದ ಪದಾಧಿಕಾರಿಗಳು ಕೆಲವು ಸಣ್ಣ ಏರ್ಪಾಡುಗಳನ್ನು ಮಾಡಿಕೊಳ್ಳಬಹುದು. ಕಾರ್ಯಕ್ರಮದ ಪ್ರಕಟಣೆಗೆ ಅಡ್ಮಿನ್ ಮಾತ್ರ ಬರೆಯುವ ಗುಂಪೊಂದಿರಲಿ. ಶುಭಾಶಯ, ಜೋಕು, ಫಾರ್ವರ್ಡ್‌ಗಳಿಗೆ ಬೇಕಾದವರು ಬೇರೆ ಗುಂಪು ಮಾಡಿಕೊಳ್ಳಲಿ, ಅಲ್ಲಿಲ್ಲದವರನ್ನು ಯಾರೂ ಆಡಿಕೊಳ್ಳದಿರಲಿ. ರಾತ್ರಿ ಒಂಬತ್ತರ ನಂತರ ತುರ್ತಿದ್ದರೆ ಮಾತ್ರ ಸಂದೇಶ. (ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ನೌಕರರು ಕೆಲಸದ ವೇಳೆಯ ನಂತರ ಮಾಲೀಕನ ಕರೆಗೆ ಉತ್ತರಿಸದಿರುವ ಹಕ್ಕು ಪಡೆದಿದ್ದಾರೆ. ಸಂಘದ ಕಾರ್ಯದರ್ಶಿಯ ಕರೆಗೂ ಅಷ್ಟು ರಿಯಾಯಿತಿ ಇರಬಾರದೇ?) ಚಂದಾ ಬಾಕಿಯ ವಿಷಯವನ್ನು ಖಜಾಂಚಿಯವರು ಆಯಾ ಸದಸ್ಯರೊಂದಿಗೆ ಮಾತ್ರ ಮಾತನಾಡಲಿ. ಸಾವಿನ ಸುದ್ದಿ ಬಂದಾಗ ಕೈಮುಗಿದ ಚಿತ್ರ ಒತ್ತಿದ ಎಂಬತ್ತು ಜನರಲ್ಲಿ ಎಂಟು ಜನರಾದರೂ ಆ ಮನೆಗೆ ಹೋಗಿ ಬರಲಿ. ಸೋಹ್ನಾ ರಸ್ತೆಯಿಂದ ಸೆಕ್ಟರ್ 56 ಅಂಥ ದೂರವೇನಲ್ಲ, ಸಂಜೆಯ ಟ್ರಾಫಿಕ್ ಒಂದನ್ನು ಬಿಟ್ಟರೆ.

ಸ್ಮಾರ್ಟ್ ಫೋನ್ ಇಲ್ಲದ ಹಿರಿಯರೂ ಇನ್ನೂ ಇದ್ದಾರೆ. ಊರು ಬಿಟ್ಟು ಮಗನ ಮನೆಗೆ ಬಂದಿರುವ, ಹಿಂದಿ ಬಾರದ ತಾಯಂದಿರಿಗೆ ಕನ್ನಡದಲ್ಲಿ ಮಾತಾಡುವವರು ಸಿಗುವುದು ವರ್ಷಕ್ಕೆ ನಾಲ್ಕು ಕಾರ್ಯಕ್ರಮಗಳಲ್ಲಿ. ರಾಜ್ಯೋತ್ಸವ ಯಾವ ಭಾನುವಾರ ಎಂಬುದು ಮಗನ ಮೊಬೈಲಿನಲ್ಲಿ ಮುನ್ನೂರು ಸಂದೇಶಗಳ ಕೆಳಗೆ ಹೂತುಹೋಗಿರುತ್ತದೆ. ಈ ಬಾರಿ ಅಂಥವರ ಪಟ್ಟಿಯೊಂದನ್ನು ತಯಾರಿಸಿ, ಮಹಿಳಾ ವಿಭಾಗದವರು ತಲಾ ಐದು ಮನೆಗಳಿಗೆ ಫೋನ್ ಮಾಡಿ ‘ಅಮ್ಮಾ, ಬರ್ತೀರಲ್ಲಾ, ಕಾರು ಕಳಿಸಬೇಕಾ?’ ಎಂದು ಕೇಳಲಿ.